ಮೊದಲ ಆಲ್ಬಮ್ ಮಾರಬೇಕೇ, ಲಾವಣಿಗೆ (ಗುತ್ತಿಗೆಗೆ) ಹಾಕಬೇಕೇ?

ಪ್ರಶ್ನೆ: ಸರ್, ನಮ್ಮದು ಬಳ್ಳಾರಿಯ ನಾಲ್ಕು ಜನರ ಕನ್ನಡ ರಾಕ್ ತಂಡ. ಆರು ತಿಂಗಳ ಹಿಂದೆ ಒಂಬತ್ತು ಹಾಡುಗಳ ಮೊದಲ ಆಲ್ಬಮ್ ತಂದೆವು. ಒಟ್ಟು 2,70,000 ರೂಪಾಯಿ ಖರ್ಚಾಯಿತು. ಅದರಲ್ಲಿ ಒಂದೂವರೆ ಲಕ್ಷ ನಮ್ಮ ಬೇಸ್ ಗಿಟಾರ್ ವಾದಕನ ಸೋದರಮಾವ ಕೊಟ್ಟದ್ದು, ಅವರಿಗೆ ಜೀನ್ಸ್ ಹೊಲಿಯುವ ಘಟಕವಿದೆ. ಉಳಿದದ್ದನ್ನು ನಾವು ತಲಾ ಮೂವತ್ತು ಸಾವಿರ ಹಾಕಿ ತುಂಬಿಸಿದೆವು. ಮೊದಲ ಮೂರು ತಿಂಗಳ ಲೆಕ್ಕ ಬಂದಿದೆ. ಎಲ್ಲ ಆ್ಯಪ್‌ಗಳೂ ಸೇರಿ 71,000 ಬಾರಿ ಜನ ಕೇಳಿದ್ದಾರೆ, ಕೈಗೆ ಬಂದದ್ದು 4,260 ರೂಪಾಯಿ. ಮೂರನೆಯ ಹಾಡೊಂದೇ 52,000 ಬಾರಿ ಓಡಿದೆ, ಉಳಿದವನ್ನು ಕೇಳುವವರಿಲ್ಲ. ಈಗ ಬೆಂಗಳೂರಿನ ಒಂದು ಕಂಪನಿ ಇಡೀ ಆಲ್ಬಮ್ಮಿನ ಹಕ್ಕಿಗೆ 3,00,000 ರೂಪಾಯಿ ಕೊಡುತ್ತೇನೆ ಎನ್ನುತ್ತಿದೆ. ಮಾವ ‘ಕಣ್ಣು ಮುಚ್ಚಿ ಕೊಟ್ಟುಬಿಡಿ’ ಎನ್ನುತ್ತಾರೆ. ಅಪ್ಪ ‘ಆರ್ಕೆಸ್ಟ್ರಾ ಸೇರಿದ್ದರೆ ದಿನಕ್ಕೆ ಎರಡು ಸಾವಿರವಾದರೂ ಸಿಗುತ್ತಿತ್ತು’ ಎನ್ನುತ್ತಾರೆ. ಇನ್ನೊಬ್ಬ ಏಜೆಂಟ್ 25,000 ರೂಪಾಯಿಗೆ ಹತ್ತು ಲಕ್ಷ ಕೇಳುವಿಕೆ ಮಾಡಿಸಿಕೊಡುತ್ತಾನಂತೆ. ಡ್ರಮ್ಸ್ ಬಾರಿಸುವವನಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ನಮ್ಮ ಆಲ್ಬಮ್ ಸೋತಿತೇ? ಮಾರುವುದೇ ಲೇಸೇ? ಎಲ್ಲರೂ ಬೆಂಗಳೂರಿಗೆ ಹೋಗಿಬಿಡಬೇಕೇ? ಕರಾರಿನ ಕರಡು, ರೆಕಾರ್ಡಿಂಗ್ ಕೋಣೆಯ ಫೋಟೊ ಮತ್ತು ಹಾಡುಗಳನ್ನು ಕಳುಹಿಸಿದ್ದೇವೆ. (ಹೆಸರು ಬೇಡ, ಬಳ್ಳಾರಿ. ಪತ್ರವನ್ನು ಸಂಕ್ಷೇಪಿಸಲಾಗಿದೆ)

ಉತ್ತರ: ಒಂಬತ್ತೂ ಹಾಡುಗಳನ್ನು ಎರಡು ಸಲ ಕೇಳಿದೆ. ಒಮ್ಮೆ ಕಿವಿಗೆ ಹೆಡ್‌ಫೋನ್ ಹಾಕಿ, ಇನ್ನೊಮ್ಮೆ ನಮ್ಮ ಮನೆಯ ಹಳೆಯ ಸ್ಪೀಕರಿನಲ್ಲಿ, ಮೇಲೆ ಫ್ಯಾನ್ ತಿರುಗುತ್ತಿರುವಾಗ. ಜನ ಕೇಳುವುದು ಎರಡನೆಯ ರೀತಿಯಲ್ಲಿಯೇ. ಮೂರನೆಯ ಹಾಡಿನಲ್ಲಿ ಹಲಗೆ ವಾದ್ಯದ ಪೆಟ್ಟು ಒಳಗೆ ಬಂದು ಗಿಟಾರಿನ ಗೊಗ್ಗರು ದನಿಗೆ ಗುದ್ದುತ್ತದಲ್ಲ, ಅಲ್ಲಿ ನಾನು ಓದುತ್ತಿದ್ದ ಪೇಪರ್ ಕೆಳಗಿಟ್ಟೆ. 52,000 ಸುಮ್ಮನೆ ಬಂದದ್ದಲ್ಲ.

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಮೂರು ಇದ್ದರೂ ಅಂಜಿಕೆ ಒಂದೇ: ಮಾವನ ಮುಖ ನೋಡುವುದು ಹೇಗೆ? ಅದನ್ನು ಬದಿಗಿಟ್ಟು ಮಾತನಾಡಿದರೆ ನನ್ನ ಸಲಹೆ ಪುಸ್ತಕದ ಬದನೆಕಾಯಿ ಆಗುತ್ತದೆ. ಆದ್ದರಿಂದ ದುಡ್ಡಿನಿಂದಲೇ ಶುರುಮಾಡುತ್ತೇನೆ.

71,000ಕ್ಕೆ 4,260 ಎಂದರೆ ಒಂದು ಸಲ ಕೇಳಿದ್ದಕ್ಕೆ ಆರು ಪೈಸೆ. ಇದೇ ವೇಗದಲ್ಲಿ ವರ್ಷಕ್ಕೆ 17,000 ಚಿಲ್ಲರೆ. ನೀವು ಹಾಕಿದ 2,70,000 ಹಿಂದಿರುಗಲು ಸುಮಾರು ಹದಿನಾರು ವರ್ಷ ಬೇಕು. ಅದೂ ವೇಗ ಕುಗ್ಗದಿದ್ದರೆ ಮಾತ್ರ, ಸಾಮಾನ್ಯವಾಗಿ ಅದು ಕುಗ್ಗುತ್ತದೆ. ಈ ಲೆಕ್ಕವನ್ನು ಯಾರೂ ನಿಮಗೆ ಮೊದಲೇ ಹೇಳಲಿಲ್ಲ ಎಂದು ಬೇಸರವಾಯಿತು. ಆ್ಯಪ್‌ನವರು ಪ್ರತಿ ಹಾಡಿಗೂ ದರ ಕಟ್ಟಿ ಕೊಡುವುದಿಲ್ಲ. ಚಂದಾದಾರರಿಂದ ಮತ್ತು ಜಾಹೀರಾತಿನಿಂದ ಬಂದ ದುಡ್ಡನ್ನು ಒಂದು ರಾಶಿ ಮಾಡಿ, ತಮ್ಮ ಪಾಲು ತೆಗೆದು, ಉಳಿದದ್ದನ್ನು ಒಟ್ಟು ಕೇಳುವಿಕೆಯ ಮೇಲೆ ಹಂಚುತ್ತಾರೆ. ಕಣದಲ್ಲಿ ರಾಶಿ ಅಳೆದು ಪಾಲು ಮಾಡುವ ಹಾಗೆಯೇ. ನಮ್ಮಲ್ಲಿ ಬಹುಪಾಲು ಜನ ಪುಕ್ಕಟೆ ಕೇಳುವವರು, ಅದಕ್ಕೇ ರಾಶಿಯೇ ಚಿಕ್ಕದು. ಇದರ ಮೇಲೆ ಸ್ಪಾಟಿಫೈ 2024ರಿಂದ ಇನ್ನೊಂದು ನಿಯಮ ತಂದಿದೆ: ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳದ ಹಾಡಿಗೆ ಪೈಸೆಯೂ ಇಲ್ಲ. ನಿಮ್ಮ ನಾಲ್ಕು ಹಾಡುಗಳು ಸದ್ಯ ಆ ಗೆರೆಯ ಕೆಳಗಿವೆ.

ಇನ್ನೊಂದು ಸಣ್ಣ ಕಾರಣ ನಿಮ್ಮ ಕೈಯಲ್ಲೇ ಇದೆ. ಅಲ್ಲಿ ಮೂವತ್ತು ಸೆಕೆಂಡ್ ಕೇಳಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಮೊದಲ ಹಾಡು ಐವತ್ತು ಸೆಕೆಂಡ್ ಬರೀ ಗಾಳಿಯ ಸದ್ದಿನಲ್ಲಿ ನಿಂತಿರುತ್ತದೆ. ನನಗೆ ಇಷ್ಟವಾಯಿತು, ಏಪ್ರಿಲ್ ಮಧ್ಯಾಹ್ನ ಬಳ್ಳಾರಿ ಕೋಟೆಯ ಗುಡ್ಡ ಹತ್ತಿದ ಹಾಗಿದೆ. ಆದರೆ ಹೊಸಬರು ಅಷ್ಟು ಹೊತ್ತು ಕಾಯುವುದಿಲ್ಲ. ಅದನ್ನು ಕತ್ತರಿಸಬೇಡಿ, ಕೊನೆಗೆ ಸರಿಸಿ.

ಈಗ ‘ಸೋತಿತೇ’ ಎಂಬ ಮಾತು. ಮೊದಲ ವಾರ, ಮೊದಲ ತಿಂಗಳಲ್ಲಿ ಓಡದ ಆಲ್ಬಮ್ ಮುಗಿಯಿತು ಎಂಬ ನಂಬಿಕೆ ಸಿನಿಮಾ ಮಂದಿಯಿಂದ ನಮಗೆ ಅಂಟಿದ ರೋಗ. ಗನ್ಸ್ ಎನ್ ರೋಸಸ್ ತಂಡದ ಮೊದಲ ಆಲ್ಬಮ್ ಬಂದದ್ದು 1987ರ ಜುಲೈನಲ್ಲಿ. ಅಮೆರಿಕದ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಅದು ಮೊದಲು ಕಾಣಿಸಿಕೊಂಡದ್ದು 182ನೆಯ ಸ್ಥಾನದಲ್ಲಿ. ಮೊದಲ ಸ್ಥಾನಕ್ಕೆ ಏರಿದ್ದು ಮರುವರ್ಷದ ಆಗಸ್ಟ್‌ನಲ್ಲಿ. ನಡುವಿನ ಒಂದು ವರ್ಷ ಅವರು ಊರೂರು ತಿರುಗಿ ನುಡಿಸಿದರು, ದೊಡ್ಡ ತಂಡಗಳ ಕಾರ್ಯಕ್ರಮಕ್ಕೆ ಮುಂಚೆ ಹಾಡಿ ಇಳಿದರು. ನಿರ್ವಾಣ ತಂಡದ 1989ರ ಮೊದಲ ಆಲ್ಬಮ್ಮಿಗೆ ರೆಕಾರ್ಡಿಂಗ್ ಖರ್ಚು ಆರುನೂರು ಡಾಲರ್ ಮತ್ತು ಚಿಲ್ಲರೆ. ಅದರ ಮಾರಾಟ ನಿಜವಾಗಿ ಏರಿದ್ದು 1991ರಲ್ಲಿ ಎರಡನೆಯದು ಗೆದ್ದ ಮೇಲೆ, ಜನ ಹಿಂದೆ ತಿರುಗಿ ಮೊದಲನೆಯದನ್ನು ಹುಡುಕಿ ಕೊಂಡಾಗ. ನಮ್ಮಲ್ಲೇ ನೋಡಿ: ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಹಿಂದಿ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಕಂಪನಿಯಿಂದ 2008ರಲ್ಲಿ ಬಂತು. ಅದಕ್ಕೆ ಮುಂಚೆ ಅವರು ಹಲವು ವರ್ಷ ವೇದಿಕೆಯ ಮೇಲೆ ಬೆವರು ಸುರಿಸಿದ್ದರು. ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಂದಿಗೆ ಹಾಡಿದರೆ ಕಾಲೇಜು ಹುಡುಗರು ಕುಣಿಯುತ್ತಾರೆ ಎಂಬುದು ಆಲ್ಬಮ್ಮಿಗೆ ಮೊದಲೇ ವೇದಿಕೆಯಲ್ಲಿ ಗೊತ್ತಾಗಿತ್ತು.

ಇವನ್ನೆಲ್ಲ ಹೇಳಿ ನಿಮ್ಮನ್ನು ಉಬ್ಬಿಸುವುದು ನನ್ನ ಉದ್ದೇಶವಲ್ಲ. ಅದೇ 1987ರಲ್ಲಿ ಬಂದು, ಇಂದು ಹೆಸರೂ ಉಳಿಯದ ಆಲ್ಬಮ್‌ಗಳು ಎಷ್ಟೋ. ಗೆದ್ದವರ ಕಥೆ ಮಾತ್ರ ನಮ್ಮ ಊರಿಗೆ ಬಂದು ಮುಟ್ಟುತ್ತದೆ. ತಡವಾಗಿ ಗೆದ್ದವರಲ್ಲಿ ಒಂದು ಸಾಮ್ಯವಂತೂ ಇದೆ, ಅವರು ಆಲ್ಬಮ್ ತಂದು ಮನೆಯಲ್ಲಿ ಕೂರಲಿಲ್ಲ.

ರೆಕಾರ್ಡಿಂಗ್ ಬಳ್ಳಾರಿಯಲ್ಲೇ ಮಾಡಿದ್ದರಿಂದ ಹಿಂದೆ ಬಿದ್ದೆವು ಎಂಬ ಕೊರಗು ನಿಮ್ಮ ಪತ್ರದ ಸಂದಿಯಲ್ಲಿ ಕಾಣುತ್ತದೆ. ಫೋಟೊ ನೋಡಿದೆ. ಗೋಡೆಯುದ್ದಕ್ಕೂ ಮಾವನ ಘಟಕದ ಜೀನ್ಸ್ ಚಿಂದಿಯನ್ನು ಗೋಣಿಚೀಲದಲ್ಲಿ ಒತ್ತಿ ತುಂಬಿ ಒಟ್ಟಿದ್ದೀರಿ, ಮೂಲೆಗಳಲ್ಲಿ ದಪ್ಪಗೆ, ಬಾಗಿಲ ಬಳಿ ತೆಳ್ಳಗೆ. ಹೀಗೆ ದಪ್ಪಗೆ ತುಂಬಿದ ಹತ್ತಿಬಟ್ಟೆ ಸದ್ದು ಹೀರುವುದರಲ್ಲಿ ಅಂಗಡಿಯ ತೆಳು ಫೋಮ್ ಹಾಳೆಗಿಂತ ವಾಸಿ. ಹಾಡುವ ದನಿಯಲ್ಲಿ ಗೋಡೆಯ ಮರುದನಿ ಕೇಳಿಸದಿರುವುದು ಅದರಿಂದಲೇ. ಬೋಸ್ಟನ್ ಎಂಬ ತಂಡದ 1976ರ ಮೊದಲ ಆಲ್ಬಮ್ಮಿನ ಹೆಚ್ಚಿನ ಭಾಗವನ್ನು ಅದರ ಗಿಟಾರ್ ವಾದಕ ಟಾಮ್ ಶೋಲ್ಜ್ ತನ್ನ ಮನೆಯ ನೆಲಮಾಳಿಗೆಯಲ್ಲೇ ಮುದ್ರಿಸಿಕೊಂಡ. ಹಗಲು ಕ್ಯಾಮೆರಾ ಕಂಪನಿಯಲ್ಲಿ ಎಂಜಿನಿಯರ್ ಕೆಲಸ, ರಾತ್ರಿ ಇದು. ಅಮೆರಿಕ ಒಂದರಲ್ಲೇ ಆ ಆಲ್ಬಮ್ ಒಂದೂವರೆ ಕೋಟಿಗಿಂತ ಹೆಚ್ಚು ಪ್ರತಿ ಹೋಗಿದೆ. ಡ್ರಮ್ಸ್ ಹುಡುಗನಿಗೆ ತೋರಣಗಲ್ಲಿನಲ್ಲಿ ಕೆಲಸ ಸಿಕ್ಕಿತೆಂದು ತಂಡ ಒಡೆಯಬೇಕಾಗಿಲ್ಲ ಎಂಬುದಕ್ಕೂ ಇದೇ ಉತ್ತರ. ಪಾಳಿ ಯಾವುದೆಂದು ಕೇಳಿಕೊಂಡು ತಾಲೀಮಿನ ಸಮಯ ಇಟ್ಟುಕೊಳ್ಳಿ.

ಇನ್ನು ಕಂಪನಿಯ ವಿಷಯ. ವರ್ಷಕ್ಕೆ ಹದಿನೇಳು ಸಾವಿರ ಹುಟ್ಟುವ ಹೊಲಕ್ಕೆ ಒಬ್ಬರು ಮೂರು ಲಕ್ಷ ಕೊಡುತ್ತೇನೆ ಎಂದರೆ, ‘ಇವರಿಗೆ ಇಲ್ಲಿ ಏನು ಕಂಡಿದೆ?’ ಎಂದು ಯಾವ ರೈತನಾದರೂ ಕೇಳುತ್ತಾನೆ. ಮಾವನವರೂ ತಮ್ಮ ಬಟ್ಟೆಯ ವ್ಯಾಪಾರದಲ್ಲಾದರೆ ಖಂಡಿತ ಕೇಳುತ್ತಿದ್ದರು. ಕರಡನ್ನು ಓದಿದರೆ ಉತ್ತರ ಅಲ್ಲೇ ಇದೆ. ಒಂಬತ್ತು ಹಾಡುಗಳ ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ ಮೂರೂ ಅವರಿಗೆ. ಅವಧಿ ‘ಶಾಶ್ವತ’, ಪ್ರದೇಶ ‘ವಿಶ್ವದಾದ್ಯಂತ’, ಮಾಧ್ಯಮ ‘ಈಗ ಇರುವ ಮತ್ತು ಮುಂದೆ ಬರುವ’. ಏಳನೆಯ ಪುಟದಲ್ಲಿ, ನೀವು ಬಹುಶಃ ಓದದೆ ಬಿಟ್ಟಲ್ಲಿ, ಮುಂದಿನ ಎರಡು ಆಲ್ಬಮ್‌ಗಳನ್ನೂ ಅವರಿಗೇ ಕೊಡಬೇಕು ಎಂದಿದೆ. ಅವರು ಕೊಳ್ಳುತ್ತಿರುವುದು ಮೂರನೆಯ ಹಾಡನ್ನು ಮತ್ತು ನಿಮ್ಮ ಮುಂದಿನ ಐದಾರು ವರ್ಷವನ್ನು. ಉಳಿದ ಎಂಟು ಹಾಡು ಕೊಸರು.

ಇದರಲ್ಲಿ ಅವರ ಮೋಸವೇನೂ ಇಲ್ಲ. ಕೊಳ್ಳುವವರು ಕೊಳ್ಳುವವರ ಹಾಗೆ ಬರೆದಿದ್ದಾರೆ. ಆದರೆ ಸಹಿ ಬಿದ್ದ ಮೇಲೆ ಏನಾಗುತ್ತದೆ ಎಂದು ತಿಳಿದಿರಲಿ. ಅವರು ನಿಮ್ಮ ಮುದ್ರಣವನ್ನು ಯೂಟ್ಯೂಬ್‌ನ ಹಾಡು ಗುರುತುಹಚ್ಚುವ ವ್ಯವಸ್ಥೆಗೆ ಸೇರಿಸುತ್ತಾರೆ. ನಾಳೆ ನೀವೇ ನಿಮ್ಮ ಚಾನಲ್‌ನಲ್ಲಿ ಆ ಹಾಡಿನ ವಿಡಿಯೊ ಹಾಕಿದರೆ ಅದರ ದುಡ್ಡು ಅವರ ಖಾತೆಗೆ ಹೋಗುತ್ತದೆ. ಸಾಹಿತ್ಯ, ಸಂಯೋಜನೆಯ ಹಕ್ಕೂ ಅವರದೇ ಆದ್ದರಿಂದ, ಕಾನೂನನ್ನು ಕಟ್ಟುನಿಟ್ಟಾಗಿ ಹಿಡಿದರೆ ನಿಮ್ಮ ಹಾಡನ್ನು ವೇದಿಕೆಯ ಮೇಲೆ ಹಾಡಲೂ ಅವರ ಅನುಮತಿ ಬೇಕಾಗುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. 1996ರಲ್ಲಿ ನನ್ನದು ಗಂಗಾವತಿಯಲ್ಲಿ ಕ್ಯಾಸೆಟ್ ಅಂಗಡಿ. ಪಕ್ಕದ ಹಳ್ಳಿಯ ಒಂದು ಭಜನಾ ತಂಡದ ಹಾಡುಗಳನ್ನು ಒಂದು ಕಂಪನಿಗೆ ಕೊಡಿಸಿದವನು ನಾನೇ. ಆರು ಜನಕ್ಕೆ ಸೇರಿ ಎಂಟು ಸಾವಿರ. ರೆವಿನ್ಯೂ ಸ್ಟ್ಯಾಂಪಿನ ಮೇಲೆ ಹಿರಿಯರು ಹೆಬ್ಬೆಟ್ಟು ಒತ್ತಿದರು, ಮಸಿ ಒರೆಸಿಕೊಳ್ಳಲು ನನ್ನ ಅಂಗಡಿಯ ಕ್ಯಾಸೆಟ್ ಒರೆಸುವ ಬಟ್ಟೆಯನ್ನೇ ಕೊಟ್ಟೆ. ಅಂದು ಎಲ್ಲರಿಗೂ ಖುಷಿ, ನನಗೂ ಐದುನೂರು ಸಿಕ್ಕಿತ್ತು. ಆ ಮುದ್ರಣ ಇಂದಿಗೂ ಜಾತ್ರೆಗಳಲ್ಲಿ, ಮೊಬೈಲ್‌ಗಳಲ್ಲಿ ಓಡುತ್ತಿದೆ. ತಬಲಾ ನುಡಿಸುತ್ತಿದ್ದವರ ಮಗ ಒಮ್ಮೆ ಬಂದು ‘ಅಪ್ಪನ ಹಾಡು ಎಲ್ಲ ಕಡೆ ಕೇಳಿಸುತ್ತದೆ, ನಮಗೆ ಏನಾದರೂ ಬರುತ್ತದೆಯೇ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕಾಗದಪತ್ರದ ಕೆಲಸವನ್ನು ನಾನು ಕಲಿಯಲು ಹೊರಟದ್ದು ಆಮೇಲೆ.

ಅಂದಿಗಿಂತ ಇಂದು ಕಾನೂನು ನಿಮ್ಮ ಕಡೆ ಸ್ವಲ್ಪ ವಾಲಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹಾಡು ಬರೆದವರು ಮತ್ತು ಸಂಯೋಜಿಸಿದವರು ತಮ್ಮ ರಾಯಧನದ (ರಾಯಲ್ಟಿಯ) ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ವಹಿಸಬಹುದು, ಅಷ್ಟೇ. ಹಾಗಾಗಿ ನಿಮ್ಮ ಕರಡಿನ ‘ಮುಂದೆ ಯಾವುದೇ ರಾಯಧನ ಕೇಳತಕ್ಕದ್ದಲ್ಲ’ ಎಂಬ ಸಾಲು ಸಹಿ ಹಾಕಿದರೂ ನಿಲ್ಲುವುದಿಲ್ಲ. ಕರಾರಿನಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಕಂಪನಿಯ ವಕೀಲರು ‘ಶಾಶ್ವತ’, ‘ವಿಶ್ವ’ ಎಂದು ಒತ್ತಿ ಬರೆಯುವುದು ಅದಕ್ಕೇ. ‘ಮುಂದೆ ಬರುವ ಮಾಧ್ಯಮ’ ಎಂದು ಸುಮ್ಮನೆ ಬರೆದರೂ ಸಾಲದು, ಯಾವ ಮಾಧ್ಯಮ ಎಂದು ನಿರ್ದಿಷ್ಟವಾಗಿ ಹೇಳಿರಬೇಕು ಎಂಬುದು ಅದೇ ತಿದ್ದುಪಡಿಯ ಇಂಗಿತ. ಆದರೆ ಕೋರ್ಟಿನಲ್ಲಿ ಗೆಲ್ಲುವ ಸಾಲಿಗಿಂತ ಕರಾರಿನಲ್ಲೇ ಹೊಡೆದುಹಾಕಿದ ಸಾಲು ಒಳ್ಳೆಯದು. ಬಳ್ಳಾರಿಯಿಂದ ಬೆಂಗಳೂರಿನ ಕೋರ್ಟಿಗೆ ಎಷ್ಟು ಸಲ ರಾತ್ರಿ ರೈಲು ಹತ್ತುತ್ತೀರಿ?

ಇಲ್ಲಿಯೇ ನಿಮಗೆ ಗೊತ್ತಿಲ್ಲದ ಒಂದು ಸೋರಿಕೆ ಇದೆ. ನಿಮಗೆ ಬಂದ 4,260 ರೂಪಾಯಿ ಧ್ವನಿಮುದ್ರಣದ ಪಾಲು ಮಾತ್ರ. ಸಾಹಿತ್ಯ ಮತ್ತು ಸಂಯೋಜನೆಯ ಪಾಲು ಬೇರೆ ದಾರಿಯಲ್ಲಿ, 1969ರಲ್ಲಿ ಶುರುವಾದ ಐಪಿಆರ್‌ಎಸ್ ಎಂಬ ಹಕ್ಕುಸ್ವಾಮ್ಯ ಸಂಘದ ಮೂಲಕ ಬರಬೇಕು. ನಿಮ್ಮಲ್ಲಿ ಯಾರೂ ಸದಸ್ಯರಾಗಿಲ್ಲ. ಹಾಡು ಬರೆದವರು, ರಾಗ ಕಟ್ಟಿದವರು ಈ ತಿಂಗಳೇ ಸದಸ್ಯರಾಗಿ ಒಂಬತ್ತೂ ಹಾಡುಗಳನ್ನು ನೋಂದಾಯಿಸಿ. ದೊಡ್ಡ ಮೊತ್ತದ ಆಸೆ ಬೇಡ, ಆದರೆ ಬಾವಿಯಲ್ಲಿರುವ ನೀರಿಗೆ ಹಗ್ಗವನ್ನಾದರೂ ಇಳಿಬಿಡಬೇಕಲ್ಲ.

ಐದನೆಯ ಹಾಡಿನ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಅಲ್ಲಿ ಅಜ್ಜನ ಪೆಟ್ಟಿಗೆಯ ಕ್ಯಾಸೆಟ್‌ನಿಂದ ಶರೀಫರ ತತ್ವಪದವೊಂದರ ಹನ್ನೆರಡು ಸೆಕೆಂಡ್ ಎತ್ತಿ ಸೇರಿಸಿದ್ದೇವೆ ಎಂದು ಬರೆದಿದ್ದೀರಿ. ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದ ಎಲ್ಲರ ಸ್ವತ್ತು. ಆದರೆ ಆ ಪದಕ್ಕೆ ಈಚಿನವರು ಕಟ್ಟಿದ ಧಾಟಿ ಅವರದು, ಕ್ಯಾಸೆಟ್ಟಿನ ಮುದ್ರಣ ಅದನ್ನು ಮಾಡಿಸಿದವರದು. ಮುದ್ರಣದ ಹಕ್ಕು ಪ್ರಕಟವಾದ ಮೇಲೆ ಅರವತ್ತು ವರ್ಷ ಇರುತ್ತದೆ. ‘ಹಳೆಯದು, ಜನಪದ, ಯಾರು ಕೇಳುತ್ತಾರೆ’ ಎನ್ನುವುದು ಭ್ರಮೆ. ಕಂಪನಿಯ ಕರಡಿನಲ್ಲಿ ಯಾರಾದರೂ ದಾವೆ ಹೂಡಿದರೆ ಪೂರ್ತಿ ನಷ್ಟ ತಂಡವೇ ಭರಿಸಬೇಕು ಎಂದಿದೆ. ಮೂರು ಲಕ್ಷ ತೆಗೆದುಕೊಂಡು ಅದಕ್ಕಿಂತ ಹೆಚ್ಚು ಕಟ್ಟುವ ದಾರಿ ಇದು. ನಿಮ್ಮ ಜಿಲ್ಲೆಯಲ್ಲಿ ತತ್ವಪದ ಹಾಡುವ ಭಜನಾ ಮಂಡಳಿಗಳಿಗೆ ಬರವೇ? ಒಬ್ಬರನ್ನು ಜೀನ್ಸ್ ಮೂಟೆಗಳ ನಡುವೆ ಕೂರಿಸಿ ಪರಂಪರೆಯ ಧಾಟಿಯಲ್ಲಿ ಹೊಸದಾಗಿ ಹಾಡಿಸಿ, ಗೌರವಧನ ಕೊಟ್ಟು ಕಾಗದ ಮಾಡಿಕೊಳ್ಳಿ.

ಹತ್ತು ಲಕ್ಷದ ಏಜೆಂಟನಿಗೆ ಒಂದೇ ಮಾತು: ಬೇಡ. ಆ ಕೇಳುವಿಕೆಗಳನ್ನು ಮಾಡುವುದು ಮನುಷ್ಯರಲ್ಲ, ಯಂತ್ರಗಳು. ಸಿಕ್ಕಿಬಿದ್ದರೆ ಆ್ಯಪ್‌ನವರು ನಿಮ್ಮ ಹಾಡನ್ನು ಅಲ್ಲಿಗೆ ತಲುಪಿಸಿದ ವಿತರಕರಿಗೆ ದಂಡ ಹಾಕುತ್ತಾರೆ, ವಿತರಕರು ನಿಮ್ಮ ಹಾಡನ್ನೇ ಕಿತ್ತುಹಾಕುತ್ತಾರೆ. ನಿಜವಾದ 52,000 ಕೂಡ ಅದರ ಜೊತೆ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ನಮ್ಮ ಕಡೆ ಹೊಲವನ್ನು ಮಾರುವುದು ಬೇರೆ, ಲಾವಣಿಗೆ ಹಾಕುವುದು ಬೇರೆ. ಲಾವಣಿಗೆ ಹಾಕಿದರೆ ಉಳುವವರು ಉತ್ತು ಬಿತ್ತಿ ಬೆಳೆದುಕೊಳ್ಳುತ್ತಾರೆ, ವಾಯಿದೆ ಮುಗಿದ ಮೇಲೆ ಹೊಲ ನಿಮ್ಮದೇ. ಕಂಪನಿಗೆ ಹೀಗೆ ಬರೆಯಿರಿ: ಮೂರನೆಯ ಹಾಡೊಂದರ ಧ್ವನಿಮುದ್ರಣವನ್ನು ಮೂರು ವರ್ಷದ ಪರವಾನಗಿಗೆ ಕೊಡುತ್ತೇವೆ, ಮುಂಗಡ ಇಷ್ಟು, ಬಂದದ್ದರಲ್ಲಿ ಪಾಲು ಇಷ್ಟು, ವೇದಿಕೆಯಲ್ಲಿ ಹಾಡುವ ಹಕ್ಕು ನಮ್ಮದೇ, ಮುಂದಿನ ಆಲ್ಬಮ್‌ಗಳ ಮಾತಿಲ್ಲ. ಮೂರು ಲಕ್ಷ ಖಂಡಿತ ಸಿಗುವುದಿಲ್ಲ, ಅವರು ನಕ್ಕು ಫೋನ್ ಇಡಲೂಬಹುದು. ಅದು ಈ ದಾರಿಯ ಅಪಾಯ. ಪರವಾನಗಿ ಪಡೆದು ಹಾಡನ್ನು ಮೂಲೆಗೆ ಹಾಕಿ ಕೂರುವವರೂ ಇದ್ದಾರೆ. ಆದ್ದರಿಂದ ‘ಆರು ತಿಂಗಳಲ್ಲಿ ವಿಡಿಯೊ ಬಿಡುಗಡೆ ಮಾಡದಿದ್ದರೆ ಹಕ್ಕು ಹಿಂದಕ್ಕೆ’ ಎಂದು ಬರೆಸಿ.

ಇಡಿಯಾಗಿ ಮಾರುವುದನ್ನು ನಾನು ಪಾಪ ಎನ್ನುವುದಿಲ್ಲ. ಮಾವ ಆ ದುಡ್ಡನ್ನು ಬಡ್ಡಿಗೆ ತಂದಿದ್ದು, ಮನೆಯಲ್ಲಿ ಜಗಳ ಹತ್ತಿದ್ದರೆ ಮಾರಿ. ಆದರೆ ಮುಂದಿನ ಎರಡು ಆಲ್ಬಮ್ಮಿನ ಸಾಲು, ವೇದಿಕೆಯ ಮೇಲಿನ ಅವರ ಹಕ್ಕು, ದಾವೆಯ ಹೊಣೆ ಈ ಮೂರನ್ನು ತೆಗೆಸಿ, ಬೌದ್ಧಿಕ ಸ್ವತ್ತಿನ ಕೆಲಸ ಬಲ್ಲ ವಕೀಲರಿಗೆ ಒಮ್ಮೆ ತೋರಿಸಿ ಮಾರಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮಾರುವುದಿಲ್ಲ. ನಿಮ್ಮದೇ ಪತ್ರದ ಇನ್ನೊಂದು ಸಾಲು ಅದಕ್ಕೆ ಕಾರಣ. ಕಳೆದ ವರ್ಷ ಹನ್ನೊಂದು ಕಾರ್ಯಕ್ರಮ ಕೊಟ್ಟಿರಿ, ಖರ್ಚು ಕಳೆದು 1,32,000 ಉಳಿಯಿತು ಎಂದಿದ್ದೀರಿ. ಅಂದರೆ ಒಂದಕ್ಕೆ ಹನ್ನೆರಡು ಸಾವಿರ. ಆ್ಯಪ್‌ಗಳಲ್ಲಿ ಹದಿನಾರು ವರ್ಷ ಹಿಡಿಯುವ ದುಡ್ಡು ವೇದಿಕೆಯ ಮೇಲೆ ಇಪ್ಪತ್ತಮೂರು ಕಾರ್ಯಕ್ರಮಕ್ಕೆ ಹಿಂದಿರುಗುತ್ತದೆ. ಲಗ್ನಪತ್ರಿಕೆ ಮಾರಿ ಯಾರೂ ದುಡ್ಡು ಮಾಡುವುದಿಲ್ಲ, ಜನ ಬರಲಿ ಎಂದು ಹಂಚುತ್ತಾರೆ. ನಿಮ್ಮ ಆಲ್ಬಮ್ ಸದ್ಯ ಅಂಥ ಪತ್ರಿಕೆ. ಅದನ್ನು ಹಿಡಿದು ಹಂಪಿ ಉತ್ಸವದ, ಆನೆಗುಂದಿ ಉತ್ಸವದ ಸ್ಥಳೀಯ ಕಲಾವಿದರ ಅರ್ಜಿ ಹಾಕಿ, ರಾಯಚೂರು, ಕೊಪ್ಪಳ, ಹೊಸಪೇಟೆಯ ಕಾಲೇಜುಗಳಿಗೆ ಹೋಗಿ. ನಮ್ಮ ಕಡೆ ಬಯಲು ಕಾರ್ಯಕ್ರಮಕ್ಕೆ ನವೆಂಬರ್‌ನಿಂದ ಫೆಬ್ರವರಿ ಹದವಾದ ಕಾಲ, ಆಮೇಲೆ ಬಿಸಿಲಿಗೆ ಗಿಟಾರಿನ ತಂತಿಯೂ ಶ್ರುತಿ ಬಿಡುತ್ತದೆ. ‘ಜಾತ್ರೆಯಲ್ಲಿ ರಾಕ್ ಯಾರು ಕೇಳುತ್ತಾರೆ’ ಎಂದು ನಿಮ್ಮ ಗಾಯಕ ಅನುಮಾನಪಟ್ಟಿದ್ದಾನೆ. ಸಿಂಧನೂರಿನ ರಸ್ತೆಯಲ್ಲಿ ಭತ್ತ ತುಂಬಿದ ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋಗುವುದನ್ನು ಅವನು ನೋಡಿಲ್ಲವೇ? ಎದೆ ನಡುಗಿಸುವ ಸದ್ದಿಗೆ ನಮ್ಮ ಜನ ಹೊಸಬರಲ್ಲ. ಮೂರನೆಯ ಹಾಡನ್ನು ಪೆನ್‌ಡ್ರೈವ್‌ಗೆ ಹಾಕಿ ನಾಲ್ಕು ಟ್ರ್ಯಾಕ್ಟರ್ ಚಾಲಕರಿಗೆ ಕೊಟ್ಟು ನೋಡಿ. ನಾನು ತಮಾಷೆ ಮಾಡುತ್ತಿಲ್ಲ.

ಬೆಂಗಳೂರಿಗೆ ಕಾರ್ಯಕ್ರಮಕ್ಕೆ ಹೋಗಿ, ಬಾಡಿಗೆ ಮನೆ ಹುಡುಕಲು ಹೋಗಬೇಡಿ. ಸುಮಾರು ಮುನ್ನೂರು ಕಿಲೋಮೀಟರ್, ರಾತ್ರಿ ಹತ್ತಿದರೆ ಬೆಳಿಗ್ಗೆ ಅಲ್ಲಿ. ಅಲ್ಲಿ ನಾಲ್ಕು ಜನ ಬಾಡಿಗೆ ಕಟ್ಟಲು ದುಡಿಯತೊಡಗಿದರೆ ತಾಲೀಮು ಮೊದಲು ನಿಲ್ಲುತ್ತದೆ. ಕಣ್ಣಾರೆ ಕಂಡಿದ್ದೇನೆ.

ಮಾವನವರ ವಿಷಯ. ಅವರು ಕೊಟ್ಟದ್ದು ಸಾಲವೋ, ಬಂಡವಾಳವೋ? ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಕಾನೂನಿನಲ್ಲಿ ಧ್ವನಿಮುದ್ರಣದ ಮೊದಲ ಒಡೆಯರು ಅದರ ನಿರ್ಮಾಪಕರು, ಎಂದರೆ ಮುಂದಾಗಿ ನಿಂತು ಹೊಣೆ ಹೊತ್ತವರು. ದುಡ್ಡು ಕೊಟ್ಟ ಮಾತ್ರಕ್ಕೆ ಮಾವ ನಿರ್ಮಾಪಕರಾಗುವುದಿಲ್ಲ, ಆದರೆ ಕಾಗದವಿಲ್ಲದಿದ್ದರೆ ನಾಳೆ ಹಾಡು ಗೆದ್ದಾಗ ಆ ಪ್ರಶ್ನೆ ಏಳುತ್ತದೆ. ಸೋತಾಗ ಯಾರೂ ಜಗಳಕ್ಕೆ ಬರುವುದಿಲ್ಲ. ಒಂದು ಭಾನುವಾರ ಅವರ ಮನೆಗೆ ಹೋಗಿ, ಊಟವಾದ ಮೇಲೆ, ‘ಪ್ರತಿ ಕಾರ್ಯಕ್ರಮದಿಂದ ಐದು ಸಾವಿರ ನಿಮಗೆ, ಮೂವತ್ತು ಕಂತು’ ಎಂದು ಬರೆದು ಕೊಡಿ. ನೀವು ನಾಲ್ವರೂ ಯಾರ ಪಾಲು ಎಷ್ಟು, ಒಬ್ಬ ಬಿಟ್ಟುಹೋದರೆ ಏನು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ. ತೋರಣಗಲ್ಲಿಗೆ ಹೊರಟವನು ಊರು ಬಿಡುವ ಮೊದಲೇ ಆಗಲಿ ಇದು. ಮಾವನ ಘಟಕದಲ್ಲಿ ತಂಡದ ಹೆಸರಿನ ಜೀನ್ಸ್ ಚೀಲ, ಟೋಪಿ ಹೊಲಿಸಿ ಕಾರ್ಯಕ್ರಮದಲ್ಲಿ ಮಾರಿ ಎಂಬ ಸಲಹೆಯನ್ನೂ ಅವರ ಮುಂದಿಡಿ, ವ್ಯಾಪಾರಸ್ಥರಿಗೆ ಕಂತಿಗಿಂತ ಆ ಮಾತು ಹೆಚ್ಚು ರುಚಿಸೀತು.

ಕೊನೆಯದಾಗಿ ನನ್ನದೇ ಒಂದು ಪ್ರಶ್ನೆ. ಮೂರನೆಯ ಹಾಡಿನ ಹಲಗೆ ಯಾರದು? ನಿಮ್ಮ ನಾಲ್ವರಲ್ಲಿ ಯಾರೂ ಅದನ್ನು ಬಾರಿಸುವವರಲ್ಲ ಎಂದು ಕೈ ಕೇಳಿದರೇ ಗೊತ್ತಾಗುತ್ತದೆ. ಆಲ್ಬಮ್ಮಿನ ಯಾವ ಮೂಲೆಯಲ್ಲೂ ಅವರ ಹೆಸರಿಲ್ಲ. ನುಡಿಸಿದ ಕಲಾವಿದರಿಗೂ ಐವತ್ತು ವರ್ಷದ ಹಕ್ಕು, ವ್ಯಾಪಾರವಾದರೆ ರಾಯಧನದ ಪಾಲು ಎಂದು ಅದೇ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಅವರಿಗೆ ಎಷ್ಟು ಕೊಟ್ಟಿರಿ, ಯಾವ ಕಾಗದದ ಮೇಲೆ ಸಹಿ ಮಾಡಿಸಿಕೊಂಡಿರಿ ಎಂದು ಮುಂದಿನ ಪತ್ರದಲ್ಲಿ ತಿಳಿಸಿ.